ಅಕ್ಕಿಯೊಳಗಿನ ಜಿಡ್ಡು

ಅಡುಗೆ ಎಣ್ಣೆಯ ಪೊಟ್ಟಣಗಳ ಮುಂದೆ ನಿಂತ ನಡುವಯಸ್ಸಿನ ಗಂಡಸಿನ ಮುಖವನ್ನು ನೀವು ಗಮನಿಸಿರಬಹುದು. ಪ್ರಶ್ನೆಪತ್ರಿಕೆಯನ್ನು ಮೊದಲ ಸಲ ತಿರುವಿ ನೋಡಿದ ವಿದ್ಯಾರ್ಥಿಯ ಮುಖಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಒಂದು ಪೊಟ್ಟಣದ ಮೇಲೆ ಅರಳಿದ ಸೂರ್ಯಕಾಂತಿ, ಇನ್ನೊಂದರ ಮೇಲೆ ಬಾಯಿಬಿಟ್ಟ ಕಡಲೆಕಾಯಿ, ಮತ್ತೊಂದರ ಮೇಲೆ ಕೈಕಾಲು ಮೂಡಿ ಓಡುತ್ತಿರುವ ಕೆಂಪು ಹೃದಯ. ಹೊಸ ಶತಮಾನ ಹುಟ್ಟಿ ಕೆಲವು ವರ್ಷಗಳಾಗಿದ್ದಾಗ ಹುಣಸೂರಿನ ಅಂಗಡಿಯೊಂದರಲ್ಲಿ ನಾನೂ ಹಾಗೆ ನಿಂತಿದ್ದೆ. ವೈದ್ಯರು ನನ್ನ ರಕ್ತದಲ್ಲಿ ಕೊಬ್ಬು ಕಂಡುಹಿಡಿದಿದ್ದರು. ಅಲ್ಲಿಯವರೆಗೆ ನನ್ನ ಕೊಬ್ಬೆಲ್ಲ ಮಾತಿನಲ್ಲೇ ಇದೆ ಎಂದು ನಂಬಿದ್ದ ಹೆಂಡತಿಗೆ ಅದು ಹೊಸ ಸುದ್ದಿಯಾಗಿತ್ತು. ನನ್ನ ಗೊಂದಲ ನೋಡಲಾರದೆ ಅಂಗಡಿಯವನು ಒಂದು ಪೊಟ್ಟಣ ತೆಗೆದು ಮುಂದಿಟ್ಟ. "ಇದು ತೌಡಿಂದು ಸಾರ್. ಹಾರ್ಟಿಗೆ ಒಳ್ಳೇದಂತೆ. ಎಲ್ಲಾ ಮೇಷ್ಟ್ರುಗಳೂ ಇದನ್ನೇ ತಕ್ಕೊಂಡೋಗ್ತಾರೆ" ಎಂದ. ಅದರ ಮೇಲೆ ಭತ್ತದ ತೆನೆಯೊಂದು ನಾಚಿದಂತೆ ಬಾಗಿತ್ತು. ಚಿತ್ರ ಬರೆದವನಿಗೆ ನಮ್ಮ ಮನೆಯ ವಿಷಯ ಗೊತ್ತಿದ್ದರೆ ತೆನೆಯ ಬದಲು ಒಂದು ಲಾರಿಯನ್ನು ಬರೆಯುತ್ತಿದ್ದ.

ನಾನು ಹುಣಸೂರಿನ ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನು. ತೌಡು ಕುಟ್ಟುವುದು ಎಂಬ ಮಾತಿಗೆ ನನ್ನ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ತೊಂಬತ್ತರ ದಶಕದಲ್ಲಿ ನಮ್ಮ ದೇಶ ಖಾದ್ಯತೈಲಕ್ಕಾಗಿ ಹೊರನಾಡುಗಳ ಕಡೆ ಕೈಚಾಚುತ್ತಿತ್ತು. ನ್ಯಾಯಬೆಲೆ ಅಂಗಡಿಗಳಲ್ಲಿ ಕೊಡುತ್ತಿದ್ದ ಪಾಮಾಯಿಲ್ ಚಳಿಗಾಲದ ಬೆಳಿಗ್ಗೆ ತುಪ್ಪದಂತೆ ಹೆಪ್ಪುಗಟ್ಟಿ, ಅದನ್ನು ತುಪ್ಪವೆಂದೇ ನಂಬಿದ ಮಕ್ಕಳನ್ನು ಮೋಸಗೊಳಿಸುತ್ತಿತ್ತು. ಈ ದುಃಸ್ಥಿತಿಯನ್ನು ತರಗತಿಯಲ್ಲಿ ವರ್ಣಿಸಿ, ಕೊನೆಗೆ ನಾಟಕೀಯವಾಗಿ ದನಿ ತಗ್ಗಿಸಿ, "ಆದರೆ ಎಣ್ಣೆ ನಿಮ್ಮ ತಟ್ಟೆಯ ಅನ್ನದಲ್ಲೇ ಇದೆ" ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ಅವರ ತಪ್ಪಲ್ಲ. ಅಕ್ಕಿಯೆಂದರೆ ನಮಗೆ ಹಿಟ್ಟು, ಹೊಟ್ಟೆ, ನಿದ್ದೆ. ಅದರಲ್ಲಿ ಜಿಡ್ಡು ಇದೆಯೆಂದು ಯಾರಿಗೆ ತೋಚೀತು?

ಇದೆ. ಅಕ್ಕಿಯ ಕಾಳಿಗೆ ತೆಳ್ಳನೆಯ ಕಂದು ಅಂಗಿಯೊಂದಿರುತ್ತದೆ; ಉಜ್ಜಿ ತೆಗೆದರೆ ಅದೇ ತೌಡು. ಆ ಕಾಳಿನ ಸ್ನೇಹವೆಲ್ಲ ಆ ಅಂಗಿಯಲ್ಲಿ. ಸಂಸ್ಕೃತದಲ್ಲಿ ಎಣ್ಣೆಗೂ ಒಲವಿಗೂ 'ಸ್ನೇಹ' ಒಂದೇ ಮಾತು ಎಂದು ನಿಮಗೆ ನೆನಪಿಸಬೇಕಾಗಿಲ್ಲ. ನನ್ನ ತಾಯಿಯ ತವರು ಸರಗೂರಿನ ಕಡೆಯ ರಾಗಿ ಸೀಮೆ. ಅಲ್ಲಿ ಹಬ್ಬಕ್ಕೆ ಮಾತ್ರ ಭತ್ತ ಒರಳಿಗೆ ಬೀಳುತ್ತಿತ್ತು. ಒನಕೆಯ ಪೆಟ್ಟಿಗೆ ಅಕ್ಕಿ ಅರೆಬತ್ತಲೆಯಾಗುತ್ತಿತ್ತೇ ಹೊರತು ಪೂರಾ ಬಿಳುಪಾಗುತ್ತಿರಲಿಲ್ಲ. ಆ ಕೆಂಚು ಅನ್ನದಲ್ಲಿ ಎಣ್ಣೆ ಇತ್ತು, ತಿಂದವರಿಗೆ ಗೊತ್ತಿರಲಿಲ್ಲ. ಆಮೇಲೆ ಊರೂರಿಗೆ ಭತ್ತ ಸುಲಿಯುವ ಹಲ್ಲರ್ ಮಿಲ್ಲುಗಳು ಬಂದವು, ಅವುಗಳ ಹಿಂದೆ ಪಾಲಿಶ್ ಯಂತ್ರಗಳು ಬಂದವು. ಅಕ್ಕಿ ಮಲ್ಲಿಗೆಯಾದಷ್ಟೂ ಮರ್ಯಾದೆ ಹೆಚ್ಚಿತು. ನಮ್ಮ ತಟ್ಟೆಯ ಜಿಡ್ಡು ಸದ್ದಿಲ್ಲದೆ ತೌಡಿಗೆ ಇಳಿದು, ತೌಡಿನಿಂದ ಹಸುವಿನ ಕಲಗಚ್ಚಿನ ಬಾನಿಗೆ ಹೋಗಿ, ಅಲ್ಲಿಂದ ಹಾಲಾಗಿ ಮೊಸರಾಗಿ ಸ್ವಲ್ಪ ಸುತ್ತುದಾರಿಯಲ್ಲಿ ನಮಗೇ ಮರಳುತ್ತಿತ್ತು. ಈ ಸುತ್ತುದಾರಿಯನ್ನು ನೇರ ಮಾಡಹೊರಟಾಗ ನಡೆದದ್ದನ್ನೇ ನಾನು ಹೇಳಬೇಕೆಂದಿರುವುದು. ಇದನ್ನು ನಾನು ತರಗತಿಯಲ್ಲಿ ಯಾವತ್ತೂ ಹೇಳಲಿಲ್ಲ.

ನನ್ನ ಅಕ್ಕ ಗೌರಮ್ಮನನ್ನು ಕೊಟ್ಟಿದ್ದುದು ಕೃಷ್ಣರಾಜನಗರದ ಹತ್ತಿರದ ಒಂದು ಊರಿಗೆ. ನಾಲೆ ನೀರಿನ ಊರು. ಕಣ್ಣು ಹಾಯಿಸಿದಷ್ಟೂ ಗದ್ದೆ. ಭಾವ ತಮ್ಮೇಗೌಡರು ಊರ ಬಾಗಿಲಲ್ಲಿ ಅಕ್ಕಿ ಮಿಲ್ಲು ಇಟ್ಟಿದ್ದರು. ಮಾತು ಕಡಿಮೆ, ಮೀಸೆ ಜಾಸ್ತಿ. ಯಾರ ಹಂಗಿಗೂ ಬೀಳದೆ, ಯಾರಿಗೂ ಮೋಸ ಮಾಡದೆ ಮಿಲ್ಲನ್ನು ಬೆಳೆಸಿದ್ದರು. ಆ ಹೆಮ್ಮೆ ಅವರ ನಡಿಗೆಯಲ್ಲೇ ಕಾಣುತ್ತಿತ್ತು. ಅಕ್ಕ ಅದಕ್ಕೆ ವಿರುದ್ಧ. ಅವಳ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. ಊರ ಹೆಂಗಸರು ಬರುವುದು, ಜಗಲಿಯ ಮೇಲೆ ಕೂರುವುದು, ಕಷ್ಟಸುಖ ಹೇಳಿ ಏಳುವುದು ಸದಾ ನಡೆಯುತ್ತಿತ್ತು. ಗಂಡ ಹೆಂಡಿರು ಜಗಳವಾಡಿದ್ದನ್ನು ಕಂಡವರಿರಲಿಲ್ಲ. ಮುಂಬಾಗಿಲು ಅವರದು, ಹಿತ್ತಿಲು ಇವಳದು ಎಂದು ಮೊದಲೇ ಒಪ್ಪಂದವಾದಂತಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ಭಾವ ಹಳೆಯ ಹಲ್ಲರ್ ಕಿತ್ತು ಹೊಸ ಯಂತ್ರ ತಂದರು. ಹಳೆಯದರಲ್ಲಿ ಹೊಟ್ಟು ತೌಡು ಎರಡೂ ಪುಡಿಯಾಗಿ ಬೆರೆತು ಬೀಳುತ್ತಿದ್ದವು. ಹೊಸದರಲ್ಲಿ ಹೊಟ್ಟು ಒಂದು ಕಡೆ, ನುಣ್ಣನೆಯ ಶುದ್ಧ ತೌಡು ಇನ್ನೊಂದು ಕಡೆ. ಅದರ ಬೆನ್ನಿಗೇ ಮೈಸೂರಿನ ಹೊರವಲಯದ ಒಂದು ಎಣ್ಣೆ ಕಾರ್ಖಾನೆಯ ಏಜೆಂಟು ಬಂದ. ಶುದ್ಧ ತೌಡನ್ನೆಲ್ಲ ತಾನೇ ಕೊಳ್ಳುತ್ತೇನೆಂದ. ಒಂದೇ ಕರಾರು, ತೌಡು ತಾಜಾ ಇರಬೇಕು. ಯಂತ್ರದಿಂದ ಬಿದ್ದ ಗಳಿಗೆಯಿಂದಲೇ ಅದರೊಳಗಿನ ಎಣ್ಣೆ ಹುಳಿಯತೊಡಗುತ್ತದೆ. ಚೀಲದೊಳಗೆ ಬಿಸಿಯಾಗಿ, ಕಮಟು ವಾಸನೆ ಬಂದರೆ ಕಾರ್ಖಾನೆಯವರು ಮೂಸಿ ನೋಡಿ ವಾಪಸ್ಸು ಕಳಿಸುತ್ತಾರೆ. ಭಾವ ಒಪ್ಪಿದರು. ಮಿಲ್ಲಿನ ಮುಂದೆ ಸುಣ್ಣದಲ್ಲಿ ಬರೆಸಿದರು: ಇನ್ನು ಮುಂದೆ ಭತ್ತ ಮಾಡಿಸುವವರು ಕೂಲಿ ಕೊಡಬೇಕಾಗಿಲ್ಲ, ತೌಡು ಬಿಟ್ಟುಹೋದರೆ ಸಾಕು.

ಊರ ಗಂಡಸರು ಸಂತೋಷಪಟ್ಟರು. ಕೈಯಿಂದ ಕಾಸು ಬಿಚ್ಚುವಂತಿಲ್ಲ, ಅಕ್ಕಿ ಮಲ್ಲಿಗೆಯಂಥದ್ದು. ನಾನಂತೂ ಆ ವಾರವೇ ತರಗತಿಯಲ್ಲಿ ಭಾವನ ಹೆಸರು ಹೇಳದೆ ಅವರನ್ನು ರಾಷ್ಟ್ರನಿರ್ಮಾಪಕರ ಸಾಲಿಗೆ ಸೇರಿಸಿದೆ. ಆದರೆ ಕೂಲಿ ಉಳಿದದ್ದು ಗಂಡಸರ ಜೇಬಿನಲ್ಲಿ, ತೌಡು ಕಳೆದುಹೋದದ್ದು ಹೆಂಗಸರ ಕೊಟ್ಟಿಗೆಯಲ್ಲಿ. ಆ ಊರಿನಲ್ಲಿ ಹಸು ಕಟ್ಟುವುದು, ಹಾಲು ಕರೆಯುವುದು, ಡೇರಿಗೆ ಹಾಕುವುದು ಎಲ್ಲ ಹೆಂಗಸರೇ. ಮಕ್ಕಳ ಪುಸ್ತಕ, ಔಷಧಿ, ಬಸ್ಸಿನ ಚಾರ್ಜು ಎಲ್ಲವೂ ಹಾಲಿನಿಂದ. ಡೇರಿಯಲ್ಲಿ ಹಾಲಿಗೆ ಬೆಲೆ ಕಟ್ಟುತ್ತಿದ್ದುದು ಅದರ ಜಿಡ್ಡು ನೋಡಿ. 'ಫ್ಯಾಟು' ಎಂಬ ಮಾತು ಅಕ್ಷರ ಬಾರದ ಅಜ್ಜಿಯರ ಬಾಯಲ್ಲೂ ಇತ್ತು. ತೌಡು ನಿಂತಿತು, ಹಾಲು ತೆಳುವಾಯಿತು, ಫ್ಯಾಟು ಇಳಿಯಿತು.

ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಕಾಳಮ್ಮ ಎಂಬಾಕೆ ಇದ್ದಳು. ಗಂಡ ಕುಡಿಯುವವನು, ಬೆಳೆದ ಭತ್ತವನ್ನು ತಾನೇ ಮಿಲ್ಲಿಗೆ ಹೊತ್ತುಹಾಕಿ, ಉಳಿದ ಕೂಲಿಯನ್ನು ಅಂದೇ ಖರ್ಚು ಮಾಡುವವನು. ಇವಳ ಸಂಸಾರವೆಲ್ಲ ಒಂದು ಹಸುವಿನ ಕೆಚ್ಚಲಿಗೆ ನೇತುಬಿದ್ದಿತ್ತು. ಒಂದು ದಿನ ಡೇರಿಯಲ್ಲಿ ಅವಳ ಹಾಲು ತೆಗೆದುಕೊಳ್ಳದೆ ವಾಪಸ್ಸು ಕೊಟ್ಟರು, ನೀರು ಬೆರೆಸಿದ್ದೀ ಎಂದೂ ಅಂದರಂತೆ. ಅವಳು ತುಂಬಿದ ಕ್ಯಾನಿನೊಂದಿಗೆ ನೇರ ಅಕ್ಕನ ಹಿತ್ತಿಲಿಗೆ ಬಂದಳು. ಅಂದು ಭಾನುವಾರ, ನಾನು ಅಲ್ಲಿಗೆ ಹೋಗಿದ್ದೆ, ಒಳಗೆ ಕೂತು ಪೇಪರು ಓದುತ್ತಿದ್ದೆ.

"ನೀರು ಬೆರ್ಸಿದ್ರೆ ನನ್ ಕೈ ಬಿದ್ದೋಗ್ಲಿ ಗೌರವ್ವ. ತೌಡಿಲ್ದೆ ಬರೀ ಉಲ್ಲಲ್ಲಿ ಹಸ ಏನ್ ಕೊಟ್ಟಾದು?" ಎಂದಳು ಕಾಳಮ್ಮ.

ಅಕ್ಕ ಒಳಗೆ ಬಂದು, ತನ್ನ ಹಸುಗಳಿಗೆಂದು ಮಿಲ್ಲಿನಿಂದ ಬಂದಿದ್ದ ತೌಡಿನಲ್ಲಿ ಒಂದು ಮೊರ ತುಂಬಿ ಅವಳ ಸೆರಗಿಗೆ ಸುರಿದಳು. ಮಾರನೆಯ ವಾರ ಇನ್ನಿಬ್ಬರು ಬಂದರು, ಆಮೇಲೆ ಇನ್ನೂ ಕೆಲವರು. ಭಾವನಿಗೆ ತಿಳಿಯದೆ ಇರಲು ಅದೇನು ಕದ್ದ ಕೆಲಸವಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ತಟ್ಟೆಯಿಂದ ಮುಖ ಎತ್ತದೆ ಹೇಳಿದರು.

"ನಾಳಿಂದ ಮನೆಗೆ ತೌಡು ಬರಾಕಿಲ್ಲ. ನಮ್ ಹಸ ಎಷ್ಟು ತಿಂತವೋ ಅಷ್ಟು ಹೇಳು, ಅಳೆದು ಕಳಿಸ್ತೀನಿ."

"ನಮ್ ಹಸಕ್ಕೆ ಮಾತ್ರ ಹೊಟ್ಟೆ ಐತಾ?" ಎಂದಳು ಅಕ್ಕ.

"ಮಾತು ಕೊಟ್ಟಿವ್ನಿ ಕಣೆ ಕಾರ್ಖಾನೆಯೋರಿಗೆ. ಇಂಗೆ ಹಂಚ್ತಾ ಕೂತ್ರೆ ಲಾರಿ ತುಂಬೋದೆಂಗೆ?"

"ಅವರ ಭತ್ತದ ತೌಡು ಅದು. ಅವರನ್ನ ಒಂದ್ ಮಾತು ಕೇಳಿದ್ರಾ?"

"ಅವರ ಗಂಡಸರನ್ನ ಕೇಳಿವ್ನಿ."

"ಹಸ ಕಟ್ಟೋರು ಗಂಡಸರಲ್ಲ."

ಭಾವ ಅರ್ಧ ಊಟಕ್ಕೆ ಕೈ ತೊಳೆದರು. "ಮಿಲ್ಲಿನ ಇಸ್ಯಕ್ಕೆ ಬರಬ್ಯಾಡ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿ ಹೊರಟರು. ನಾನು ಉಪ್ಪಿನಕಾಯಿಯ ಹೋಳೊಂದನ್ನು ಅನವಶ್ಯಕವಾಗಿ ಪರೀಕ್ಷಿಸುತ್ತ ಕೂತಿದ್ದೆ. ಸಿದ್ಧಾಂತದ ಪ್ರಕಾರ ಇಂಥ ಹೊತ್ತಿನಲ್ಲಿ ಅರ್ಥಶಾಸ್ತ್ರಜ್ಞನೊಬ್ಬ ಮಧ್ಯೆ ಬಾಯಿ ಹಾಕಬೇಕು; ಅನುಭವದ ಪ್ರಕಾರ ಭಾವಮೈದುನನೊಬ್ಬ ಬಾಯಿ ಮುಚ್ಚಿಕೊಂಡಿರಬೇಕು. ನಾನು ಅನುಭವವನ್ನೇ ಅನುಸರಿಸಿದೆ.

ಸುಗ್ಗಿ ಮುಗಿದು ಮಿಲ್ಲು ಹಗಲೆಲ್ಲ ಓಡುತ್ತಿದ್ದ ಕಾಲ. ಕಾಲೇಜಿಗೆ ರಜೆಯಿದ್ದ ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಆ ಊರಿನಲ್ಲಿ ಇಳಿದಾಗ ಮಿಲ್ಲಿನ ಅಂಗಳದಲ್ಲಿ ಲಾರಿ ತೌಡಿನ ಚೀಲ ತುಂಬಿಕೊಂಡು ಸಿದ್ಧವಾಗಿ ನಿಂತಿತ್ತು. ಆದರೆ ಗೇಟಿನಲ್ಲಿ ಹೆಂಗಸರು ಕೂತಿದ್ದರು. ಹಾಲು ಕರೆದು ಡೇರಿಗೆ ಹಾಕಿ ಹಾಗೆಯೇ ಬಂದವರು, ಕೆಲವರ ಪಕ್ಕದಲ್ಲಿ ಖಾಲಿ ಕ್ಯಾನುಗಳಿದ್ದವು. ಘೋಷಣೆಯಿಲ್ಲ, ಬಾವುಟವಿಲ್ಲ. ನಡುವೆ ಕಾಳಮ್ಮ ಮಂಡಿ ತಬ್ಬಿಕೊಂಡು ಕೂತಿದ್ದಳು. ಲಾರಿಯ ಡ್ರೈವರ್ ಕಾಕನಕೋಟೆ ಕಾಡಿನ ದಾರಿಯಲ್ಲಿ ಕೇರಳಕ್ಕೆ ಲೋಡು ಹೊಡೆದು ಪಳಗಿದವನು. ಆನೆ ಅಡ್ಡ ನಿಂತರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತಂತೆ, ಹೆಂಗಸರು ಅಡ್ಡ ಕೂತರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅವನು ಚಕ್ರದ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ.

ಭಾವ ಮಿಲ್ಲಿನ ಮೆಟ್ಟಿಲ ಮೇಲೆ ನಿಂತಿದ್ದರು. "ಏಳ್ರವ್ವ, ಬಿಸಿಲೇರ್ತದೆ. ಆಮೇಲೆ ಮಾತಾಡಣ" ಎಂದರು. ಯಾರೂ ಏಳಲಿಲ್ಲ.

"ಆಮೇಲೆ ಅಂದ್ರೆ ಯಾವಾಗಣ್ಣ? ನನ್ ಹಸ ಮೂಳೆ ಬಿಟ್ಕಂಡ್ ಮ್ಯಾಲಾ?" ಎಂದಳು ಕಾಳಮ್ಮ.

ಅಷ್ಟರಲ್ಲಿ ಅಕ್ಕ ಮನೆಯ ಕಡೆಯಿಂದ ಬರುತ್ತಿರುವುದು ಕಾಣಿಸಿತು. ಬೀದಿಯಲ್ಲಿ ಸೇರಿದ್ದ ಗಂಡಸರು ದಾರಿ ಬಿಟ್ಟರು. ಗೌಡತಿ ಬಂದು ಗದರಿಸಿ ಎಬ್ಬಿಸುತ್ತಾಳೆಂದು ಅವರು ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಅಕ್ಕ ಗೇಟಿನವರೆಗೆ ಬಂದು, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಎಲ್ಲರಿಗಿಂತ ಮುಂದೆ, ಲಾರಿಯ ಕಡೆ ಮುಖ ಮಾಡಿ ನೆಲದ ಮೇಲೆ ಕೂತಳು.

ಬೀದಿಯಲ್ಲಿ ಯಾರೋ ನಕ್ಕರು. "ಮನೆ ದೀಪಾನೇ ಗೇಟಲ್ಲಿ ಕುಂತದೆ ಗೌಡ್ರೆ, ಇನ್ನೇನ್ ಮಾಡೀರಿ?" ಎಂದು ಒಬ್ಬ ಕೂಗಿ ಹೇಳಿದ. ಇನ್ನೊಬ್ಬ ಪೊಲೀಸಿಗೆ ಫೋನು ಮಾಡಿಸುವ ಸಲಹೆ ಕೊಟ್ಟ. ಕಾಳಮ್ಮನ ಗಂಡ ಇದ್ದಕ್ಕಿದ್ದಂತೆ ಶೂರನಾಗಿ, "ಏಯ್, ಎದ್ ಬಾ ಮನೆಗೆ, ಮಾನ ಕಳೀತಾ ಕುಂತವ್ಳೆ" ಎಂದು ಅಬ್ಬರಿಸಿದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಭಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನನ್ನು ಕರೆದು, ಎಲ್ಲರಿಗೂ ಕೇಳುವಂತೆ, "ನಿಮ್ಮಕ್ಕಂಗೆ ಹೇಳು. ಒಳಗೋಗು ಅನ್ನು" ಎಂದರು. ಆ ಹನ್ನೆರಡು ಮಾರು ಅಂಗಳವನ್ನು ನಾನು ಹೇಗೆ ದಾಟಿದೆನೋ. ಅವಳ ಪಕ್ಕ ಕೂತು, ಭಾವನ ಮರ್ಯಾದೆ, ಕಾರ್ಖಾನೆಯ ಕರಾರು, ಮಾತುಕತೆಯ ಮಾರ್ಗ ಎಂದು ಏನೇನೋ ಪಿಸುಗುಟ್ಟಿದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

"ನಂಜುಂಡ, ನೀನು ಆ ಕಡೆ ಹೋಗಿ ನಿಂತ್ಕ. ಬಿಸಿಲು" ಎಂದಳು.

ಬಿಸಿಲು ನಿಜವಾಗಿಯೂ ಏರುತ್ತಿತ್ತು. ಲಾರಿಯ ಮೇಲಿನ ಚೀಲಗಳಿಂದ ಮೊದಲು ಹುರಿದ ಅಕ್ಕಿಯಂಥ ಸಿಹಿ ವಾಸನೆ ಬರುತ್ತಿತ್ತು. ಹೊತ್ತು ಹೋದಂತೆ ಅದರೊಳಗೆ ಮತ್ತೊಂದು ವಾಸನೆ ಎಳೆಯಾಗಿ ಸೇರಿಕೊಂಡಿತು. ಭಾವ ಒಮ್ಮೆ ಹೋಗಿ ಚೀಲವೊಂದರ ಬಾಯಿಗೆ ಕೈ ತೂರಿಸಿ ನೋಡಿದರು, ಕೈ ಹೊರಗೆಳೆದು ಬೆರಳು ಮೂಸಿದರು. ಒಳಗೆ ಅದು ಬೇಯುತ್ತಿತ್ತು. ಆ ಅಂಗಳದಲ್ಲಿ ಕಾವೇರುತ್ತಿದ್ದುದು ತೌಡು ಮಾತ್ರವಲ್ಲ ಎಂದು ನನಗನ್ನಿಸಿತು. ಬೀದಿಯ ನಗು ನಿಂತಿರಲಿಲ್ಲ.

ಆಮೇಲೆ ಆದದ್ದು ಬಹಳ ಬೇಗ ಆಯಿತು. ಭಾವ ಡ್ರೈವರ್ ಹತ್ತಿರ ಹೋಗಿ ಕೈಚಾಚಿದರು. ಅವನು ಅರ್ಥವಾಗದೆ ಬೀಗದ ಕೈ ಕೊಟ್ಟ. ಭಾವ ಲುಂಗಿ ಎತ್ತಿ ಕಟ್ಟಿ ಲಾರಿ ಹತ್ತಿ ಕೂತರು. ಮಿಲ್ಲಿಗಿಂತ ಮುಂಚೆ ಅವರು ವರ್ಷಗಟ್ಟಲೆ ಲಾರಿ ಓಡಿಸಿದವರು. ಇಂಜಿನ್ ಗುಡುಗಿತು. ಹೆದರಿಸುತ್ತಾರೆ ಎಂದುಕೊಂಡೆ. ಲಾರಿ ಅಲುಗಿತು, ಮುಂದಕ್ಕೆ ಹೊರಟಿತು. ಹೆಂಗಸರು ಕೂಗುತ್ತ ಎದ್ದು ಅತ್ತಿತ್ತ ಸರಿದರು, ಕ್ಯಾನುಗಳು ಉರುಳಿದವು. ಕಾಳಮ್ಮ ಅಕ್ಕನ ತೋಳು ಹಿಡಿದು ಎಳೆದಳು. ಅಕ್ಕ ತೋಳು ಕೊಡವಿಕೊಂಡಳು. ನನಗೆ ಕಾಣುತ್ತಿದ್ದುದು ಅವಳ ಬೆನ್ನು ಮಾತ್ರ. ನಾನು ಓಡಿದೆನೆಂದು ಹೇಳಬೇಕೆಂಬ ಆಸೆಯಿದೆ, ಆದರೆ ಓಡಲಿಲ್ಲ. ಬಾಯಿಂದ "ಭಾವಾ" ಎಂಬ ಸದ್ದು ಹೊರಟದ್ದು ನೆನಪಿದೆ.

ಲಾರಿ ನಿಂತಿತು. ಅದರ ಮುಂದಿನ ಬಂಪರಿನ ನೆರಳು ಅಕ್ಕನ ಮಡಿಲಿನ ಮೇಲೆ ಬಿದ್ದಿತ್ತು.

ಭಾವ ಇಂಜಿನ್ ಆರಿಸಿದರು. ಬೀದಿಯಲ್ಲಿ ನಗುತ್ತಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಭಾವ ಇಳಿದು, ಯಾರ ಕಡೆಯೂ ನೋಡದೆ, ಮಿಲ್ಲಿನ ಹಿಂಬದಿಯಿಂದ ಗದ್ದೆಯ ಬದುವಿನ ಮೇಲೆ ನಡೆದುಹೋದರು. ಅಕ್ಕ ಏಳಲು ನೋಡಿದಳು, ಆಗಲಿಲ್ಲ. ಕಾಳಮ್ಮ ಮತ್ತು ನಾನು ಎರಡು ಕಡೆಯಿಂದ ಹಿಡಿದು ನಿಲ್ಲಿಸಿದೆವು. ಅವಳು ನನ್ನನ್ನು ಕೇಳಿದ ಮೊದಲ ಮಾತು, "ಅವರು ಬೆಳಿಗ್ಗೆ ತಿಂಡಿ ತಿಂದಿರ್ನಿಲ್ಲ, ಎತ್ಲಾಗೆ ಹೋದ್ರು ನೋಡ್ಲಾ."

ಕಾರ್ಖಾನೆಯವರು ಫೋನಿನಲ್ಲೇ ಆ ತೌಡನ್ನು ಬೇಡವೆಂದರು. ಚೀಲಗಳನ್ನು ಅಂಗಳದಲ್ಲೇ ಇಳಿಸಿ ಲಾರಿ ಖಾಲಿಯಾಗಿ ಹೊರಟಿತು. ಸಂಜೆಗೆ ಭಾವ ವಾಪಸ್ಸು ಬಂದು, ಚೀಲಗಳನ್ನೆಲ್ಲ ಗೇಟಿನ ಹೊರಗೆ ಒಟ್ಟಿಡಲು ಆಳುಗಳಿಗೆ ಹೇಳಿದರು. "ಬೇಕಾದೋರು ಹೊತ್ಕಂಡ್ ಹೋಗ್ಲಿ" ಎಂದು ಸಾರಿಸಿದರು. ಅದನ್ನು ಅವರು ಹೇಳಿದ, ಭಿಕ್ಷೆ ಹಾಕುವಂಥ ಧಾಟಿ ಎಲ್ಲರಿಗೂ ಕೇಳಿಸಿತ್ತು. ಒಬ್ಬ ಹೆಂಗಸೂ ಬರಲಿಲ್ಲ. ಚೀಲಗಳು ಬೀದಿಯಲ್ಲೇ ಬಿದ್ದಿದ್ದವು. ಹಾದುಹೋಗುವವರು ಮೂಗು ಮುಚ್ಚಿಕೊಂಡರು. ಬಿಡಾಡಿ ದನಗಳು ಮಾತ್ರ ಚೀಲ ಹರಿದು, ಮೂತಿ ತೂರಿಸಿ, ಈ ರಾದ್ಧಾಂತಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಮೆಂದವು.

ಮನೆಯಲ್ಲಿ ಮಾತು ನಿಂತಿತು. ಅಕ್ಕ ಬಡಿಸುತ್ತಿದ್ದಳು, ಭಾವ ಉಣ್ಣುತ್ತಿದ್ದರು. ಉಪ್ಪು ಬೇಕೆಂದರೆ ಅವರೇ ಎದ್ದು ತೆಗೆದುಕೊಳ್ಳುತ್ತಿದ್ದರು. ನಾನು ಹೋದಾಗ ಇಬ್ಬರೂ ನನ್ನೊಡನೆ ಮಾತಾಡುತ್ತಿದ್ದರು; ಇಬ್ಬರ ಮಾತೂ ಮತ್ತೊಬ್ಬರಿಗೆ ತಲುಪಲೆಂದೇ ಇರುತ್ತಿತ್ತು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಲೆಯಿಂದ ಹಿಡಿದು ಹುಣಸೂರಿನ ಧೂಳಿನವರೆಗೆ ನಾನೊಬ್ಬನೇ ಮಾತಾಡಿ, ಗಂಟಲು ನೋಯಿಸಿಕೊಂಡು ಬಸ್ಸು ಹತ್ತುತ್ತಿದ್ದೆ. ಒಂದು ಸಲ ಅಕ್ಕನನ್ನು ನಮ್ಮ ಮನೆಗೆ ಬಂದಿರಲು ಕರೆದೆ. "ನಾನ್ಯಾಕೆ ಬರ್ಲಿ? ನನ್ ಮನೆ ಇದು" ಎಂದಳು. ಭಾವ ಪಡಸಾಲೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡರು.

ಮಿಲ್ಲಿಗೆ ಭತ್ತ ಬರುವುದು ಕಡಿಮೆಯಾಗಿತ್ತು. ಹೆಂಗಸರು ತಮ್ಮ ಗಂಡಂದಿರನ್ನು ಹೇಗೆ ತಡೆದರೋ, ಅದು ಅವರವರ ಮನೆಯ ವಿಷಯ. ಹೀಗಿರುವಾಗ ಒಂದು ದಿನ ಕಾಳಮ್ಮ ತಲೆಯ ಮೇಲೆ ಭತ್ತದ ಮೂಟೆ ಹೊತ್ತು ಒಬ್ಬಳೇ ಮಿಲ್ಲಿಗೆ ಬಂದಳು. ಅದನ್ನು ಗಂಡನ ಕೈಗೆ ಸಿಗದಂತೆ ಅಟ್ಟದಲ್ಲಿ ಬಚ್ಚಿಟ್ಟಿದ್ದಳಂತೆ. ಮಿಲ್ಲಿನ ಕಟ್ಟೆಯ ಮೇಲೆ ಭಾವನ ಪಕ್ಕ ಆ ದಿನ ನಾನೂ ಕೂತಿದ್ದೆ. ಅವಳು ಮೂಟೆ ಇಳಿಸಿ, ಸೆರಗಿನ ಗಂಟು ಬಿಚ್ಚಿ, ಮಡಿಸಿದ ನೋಟು ಚಿಲ್ಲರೆ ತೆಗೆದು ಭಾವನ ಮುಂದೆ ಹಿಡಿದಳು.

"ಕೂಲಿ ತಕ್ಕಳಿ ಅಣ್ಣ. ತೌಡು ನಂಗೆ ಬೇಕು."

ಭಾವ ಅವಳ ಕೈಯನ್ನೇ ನೋಡುತ್ತ ಕೂತರು. ಒಳಗೆ ಆಳುಗಳು ಕೆಲಸ ನಿಲ್ಲಿಸಿದ್ದರು. ಬೇಡ, ದುಡ್ಡು ಇಟ್ಕೋ, ತೌಡೂ ತಕ್ಕೊಂಡು ಹೋಗು ಎಂದಿದ್ದರೆ ಅದು ಮತ್ತೊಂದು ಬಗೆಯ ಅವಮಾನವಾಗುತ್ತಿತ್ತೆಂದು ಈಗ ಅನ್ನಿಸುತ್ತದೆ. ಅವರು ಹಾಗೆ ಹೇಳಲಿಲ್ಲ. ದುಡ್ಡು ತೆಗೆದುಕೊಂಡು ಜೇಬಿಗಿಟ್ಟರು. ಎದ್ದು, ಆಳುಗಳನ್ನು ಕರೆಯದೆ ತಾವೇ ಮೂಟೆ ಎತ್ತಿ ಭತ್ತ ಸುರಿದರು, ಯಂತ್ರ ಹಾಕಿದರು. ಅಕ್ಕಿ ಒಂದು ಚೀಲಕ್ಕೆ, ತೌಡು ಒಂದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಅವಳ ತಲೆಗೆ ಎತ್ತಿಕೊಟ್ಟರು. ಅವಳು ಗೇಟು ದಾಟುವಾಗ ಭಾವ, "ಕಾಳಮ್ಮ" ಎಂದು ಕರೆದರು. ಅವಳು ನಿಂತಳು. "ಬಿಸಿ ಐತೆ. ಹರಡಿ ಆರಾಕು, ಇಲ್ದಿದ್ರೆ ಕಮಟೋಯ್ತದೆ" ಎಂದರು.

ಮರುದಿನ ಸುಣ್ಣದ ಬರಹ ಬದಲಾಯಿತು. ಕೂಲಿ ಕೊಟ್ಟವರಿಗೆ ತೌಡು, ತೌಡು ಬಿಟ್ಟವರಿಗೆ ಕೂಲಿ ಮಾಫಿ. ಬೇಕಾದ್ದನ್ನು ಆರಿಸಿಕೊಳ್ಳಬಹುದು, ಆದರೆ ಹಸು ಕಟ್ಟಿದವರು ಹೇಳಿದಂತೆ. ಕೊನೆಯ ಸಾಲನ್ನು ಭಾವ ಬರೆಸಿರಲಿಲ್ಲ, ಬಾಯಲ್ಲಿ ಹೇಳುತ್ತಿದ್ದರು, ಗಂಡಸರು ಬಂದರೆ, "ಮನೇಲಿ ಕೇಳ್ಕಂಡ್ ಬಂದ್ಯಾ?" ಎನ್ನುತ್ತಿದ್ದರು. ತಾವೇ ಕೊಂಡ ಭತ್ತದ ತೌಡು ಮಾತ್ರ ಕಾರ್ಖಾನೆಗೆ ಹೋಗತೊಡಗಿತು. ಲಾರಿ ದೊಡ್ಡದರ ಬದಲು ಚಿಕ್ಕದಾಯಿತು. ರಾಷ್ಟ್ರದ ಖಾದ್ಯತೈಲದ ಕೊರತೆ ಅದರಿಂದ ಎಷ್ಟು ಹೆಚ್ಚಿತೋ ನನಗೆ ತಿಳಿಯದು. ಕಾಳಮ್ಮನ ಹಾಲನ್ನು ಡೇರಿಯಲ್ಲಿ ಮತ್ತೆ ವಾಪಸ್ಸು ಕೊಡಲಿಲ್ಲ ಎಂಬುದು ತಿಳಿದಿದೆ.

ಗಂಡ ಹೆಂಡಿರ ನಡುವೆ ಮಾತು ಮೆಲ್ಲಮೆಲ್ಲನೆ ಮರಳಿತು, ಬೇಸಿಗೆ ಕಳೆದ ಮೇಲೆ ನಾಲೆಗೆ ನೀರು ಬಿಟ್ಟ ಹಾಗೆ, ಮೊದಲು ಕೆಸರು, ಆಮೇಲೆ ತಿಳಿ. ಆದರೆ ಆ ದಿನದ ವಿಷಯ ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಅದರ ಮೇಲೆ ಒಂದು ಬಟ್ಟೆ ಹೊದಿಸಿ, ಅದರ ಸುತ್ತಲೇ ಓಡಾಡಿಕೊಂಡು, ಅವರು ಹಲವು ವರ್ಷ ಸಂಸಾರ ಮಾಡಿದರು. ದೀಪಾವಳಿಗೆ ಕಾರ್ಖಾನೆಯವರು ಕಳಿಸುತ್ತಿದ್ದ ತೌಡೆಣ್ಣೆಯ ಡಬ್ಬವನ್ನು ಅಕ್ಕ ಮುಟ್ಟುತ್ತಿರಲಿಲ್ಲ. ಯಾರಾದರೂ ಕೇಳಿದವರಿಗೆ ಕೊಟ್ಟುಬಿಡುತ್ತಿದ್ದಳು.

ಆ ಎಣ್ಣೆ ಅವಳ ಒಲೆಯ ಮೇಲೆ ಏರಿದ್ದು ಭಾವನಿಗೆ ಎದೆನೋವು ಬಂದ ಮೇಲೆ. ಮೈಸೂರಿನ ಆಸ್ಪತ್ರೆಯಲ್ಲಿ ಹಲವು ದಿನ ಮಲಗಿಸಿ, ಬಿಡುವಾಗ ವೈದ್ಯರು ತುಪ್ಪ ಬೇಡ, ಡಾಲ್ಡಾ ಬೇಡ, ಬೇಕಾದರೆ ತೌಡಿನೆಣ್ಣೆ ಅಳತೆಯಲ್ಲಿ ಬಳಸಿ ಎಂದರು. ನನ್ನ ರಕ್ತ ಪರೀಕ್ಷಿಸಿದ್ದೂ ಅದೇ ಗಲಾಟೆಯಲ್ಲಿ, ಕುಟುಂಬ ಸಮೇತರಾಗಿ. ಹುಣಸೂರಿನಲ್ಲಿ ಕೊಂಡ ಆ ಪೊಟ್ಟಣಗಳಲ್ಲಿ ಎರಡನ್ನು ನಾನೇ ಅಕ್ಕನ ಮನೆಗೆ ಒಯ್ದೆ. ಅವಳು ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, ಕತ್ತರಿಸಿ, ಬೆರಳಿಗೆ ಒಂದು ಹನಿ ಹಚ್ಚಿಕೊಂಡು ಮೂಸಿದಳು. ಆಮೇಲೆ ಬಾಣಲೆ ಇಟ್ಟಳು. ಆಸ್ಪತ್ರೆಯಿಂದ ಬಂದಾಗಿನಿಂದ ಬರೀ ಗಂಜಿ ಕುಡಿದ ಗಂಡನಿಗೆ ಒಂದೇ ಒಂದು ಮಸಾಲೆವಡೆ ಕೊಡುವುದಾಗಿ ಒಪ್ಪಿಕೊಂಡಿದ್ದಳು.

ಭಾವ ಅಡುಗೆಮನೆಯ ಗೋಡೆಗೆ ಒರಗಿ, ಚಾಪೆಯ ಮೇಲೆ ಕೂತಿದ್ದರು. ಮೀಸೆ ಪೂರಾ ಬೆಳ್ಳಗಾಗಿತ್ತು, ಅಂಗಿ ಮೈಗೆ ದೊಡ್ಡದಾಗಿತ್ತು. ಅವಳು ವಡೆ ತಟ್ಟುವುದನ್ನು ನೋಡುತ್ತ ನೋಡುತ್ತ, ನಾನು ಅಲ್ಲಿರುವುದನ್ನು ಮರೆತವರಂತೆ ಕೇಳಿದರು.

"ಗೌರಿ, ಅವತ್ತು ನಾನು ಲಾರಿ ನಿಲ್ಲಿಸ್ತೀನಿ ಅಂತ ನಿಂಗೆ ಗೊತ್ತಿತ್ತಾ?"

ಅಕ್ಕನ ಕೈ ನಿಂತಿತು. ಗೊತ್ತಿತ್ತು ಎಂದು ಅವಳು ಹೇಳಲೆಂದು ನಾನು ಎಷ್ಟು ಆಸೆಪಟ್ಟೆನೋ ಹೇಳಲಾರೆ. ಆ ಒಂದು ಪದದಿಂದ ಎಲ್ಲವೂ ಸುಸೂತ್ರವಾಗುತ್ತಿತ್ತು, ಮೂವರೂ ವಡೆ ತಿಂದು ಕೈ ತೊಳೆಯಬಹುದಿತ್ತು.

"ಇಲ್ಲ, ಗೊತ್ತಿರ್ನಿಲ್ಲ" ಎಂದಳು ಅಕ್ಕ.

ಭಾವ ತಲೆಯಾಡಿಸಿದರು. ನೆಲ ನೋಡುತ್ತ ಹೇಳಿದರು.

"ನಂಗೂ ಗೊತ್ತಿರ್ನಿಲ್ಲ ಕಣೆ."

ಅಕ್ಕ ಅವರನ್ನೇ ನೋಡಿದಳು. ಅಷ್ಟು ವರ್ಷದಲ್ಲಿ ಅವಳು ಅವರನ್ನು ಹಾಗೆ ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಅವಳ ಕಣ್ಣಲ್ಲಿ ಕೋಪವಿರಲಿಲ್ಲ, ಕ್ಷಮೆಯಿತ್ತೆಂದೂ ಹೇಳಲಾರೆ. ಬಹಳ ದಿನದಿಂದ ಹೊತ್ತಿದ್ದ ಮೂಟೆಯ ಇನ್ನೊಂದು ತುದಿಗೆ ಯಾರೋ ಕೈ ಕೊಟ್ಟಾಗ ಮುಖದಲ್ಲಿ ಬರುವ ಸಡಿಲವಿತ್ತು, ಅಷ್ಟೇ. ಆಮೇಲೆ ಸೆರಗಿನಿಂದ ಹಣೆ ಒರೆಸಿಕೊಂಡು, ಅಂಗೈಯಲ್ಲಿ ತಟ್ಟಿಟ್ಟಿದ್ದ ವಡೆಯೊಂದಿಗೆ ಒಲೆಯ ಕಡೆ ತಿರುಗಿದಳು. ಎಣ್ಣೆ ಕಾದಿತ್ತು.